ಉಮಾಪತಿಗೊಂದು ಮಣೆ

ಗಂಗಾವತಿ
೬ ಫೆಬ್ರವರಿ ೧೯೩೯

ಚಿರಂಜೀವಿ ಸೌಭಾಗ್ಯವತಿ ಪಂಪಾವತಿಗೆ ತಂದೆ ಕೊಟ್ರಬಸಪ್ಪನ ಆಶೀರ್ವಾದಗಳು. ಬೀಗತಿ ಬಸವಣ್ಣೆಮ್ಮನವರಿಗೂ ಅಳಿಯ ಹಂಪಣ್ಣನವರಿಗೂ ಶರಣಾರ್ಥಿಗಳು. ಈ ಪತ್ರವನ್ನೂ ಎಂದಿನಂತೆ ಹಂಪಣ್ಣನವರು ಪಡಸಾಲೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತಾರೆಂದು ತಿಳಿದಿದ್ದೇನೆ. ಆದ್ದರಿಂದ ಎಲ್ಲರಿಗೂ ಸಂಬಂಧಿಸಿದ ಒಂದೇ ವಿಷಯವನ್ನು ಬರೆಯುತ್ತೇನೆ.

ಮೊಮ್ಮಗ ಉಮಾಪತಿಗೆ ಮುಂದಿನ ತಿಂಗಳು ವರ್ಷ ತುಂಬುತ್ತದೆ. ಐದು ತಿಂಗಳ ಕೂಸನ್ನು ಎತ್ತಿಕೊಂಡು ನೀನು ಇಲ್ಲಿಂದ ಬಂಡಿ ಹತ್ತಿದ ಮೇಲೆ ನಾನು ಅವನನ್ನು ನೋಡಿಲ್ಲ. ಕಾಲುವೆಗಳ ಹೂಳು ತೆಗೆಸುವ ಕೆಲಸ ಮಳೆಗಾಲಕ್ಕೆ ಮುಂಚೆ ಮುಗಿಯಬೇಕಾದ್ದರಿಂದ ಹನುಮಸಾಗರಕ್ಕೆ ಬರಲು ರಜೆ ಸಿಕ್ಕಿಲ್ಲ. ಓವರ್ಸಿಯರನಿಗೆ ನೀರು ಇರುವಾಗ ಒಂದು ಕೆಲಸ, ನೀರು ಇಲ್ಲದಾಗ ಎರಡು.

ತೊಟ್ಟಿಲು ಕಳಿಸಿದ್ದು ತವರು. ಕೂಸು ತೊಟ್ಟಿಲಿನಿಂದ ಇಳಿದ ಮೇಲೆ ಬೇಕಾದದ್ದನ್ನೂ ತವರೇ ಕಳಿಸಬೇಕೆಂಬುದು ನನ್ನ ಅಭಿಪ್ರಾಯ. ಊಟದ ಮಣೆಯಷ್ಟೇ ಎತ್ತರದ, ಬೆನ್ನಿಗೂ ಎರಡು ಪಕ್ಕಕ್ಕೂ ಹಲಗೆಯುಳ್ಳ, ಮುಂದೆ ತಾಟು ಇಡಲು ಅಡ್ಡಹಲಗೆಯುಳ್ಳ ಒಂದು ಪುಟ್ಟ ಪೀಠವನ್ನು ಮಾಡಿಸಬೇಕೆಂದಿದ್ದೇನೆ. ಮನೆಯವರು ಊಟಕ್ಕೆ ಕುಳಿತಾಗ ಉಮಾಪತಿಯೂ ಆ ಸಾಲಿನಲ್ಲೇ ಕೂಡಲಿ. ಮನೆಮಂದಿಯ ಮುಖ ನೋಡುತ್ತ ಉಂಡ ಕೂಸು ಬೇಗ ಮಾತು ಕಲಿಯುತ್ತದೆ.

ಒಂದು ದಾರದಲ್ಲಿ ನಾಲ್ಕು ಗಂಟು ಹಾಕಿ ಕಳಿಸು. ಮೊದಲನೆಯದು ಹಿಮ್ಮಡಿಯಿಂದ ಮೊಣಕಾಲಿಗೆ. ಎರಡನೆಯದು ಮೊಣಕಾಲಿನಿಂದ ಸೊಂಟಕ್ಕೆ. ಮೂರನೆಯದು ಸೊಂಟದಿಂದ ಕಂಕುಳಿಗೆ. ನಾಲ್ಕನೆಯದು, ಕೂಸು ಕುಳಿತು ಕೈಗಳನ್ನು ಮುಂದೆ ಊರಿದಾಗ ನೆಲದಿಂದ ಮೊಣಕೈಗೆ. ಅಂದಾಜು ಬೇಡ.

ಕೊಟ್ರಬಸಪ್ಪ


ಹನುಮಸಾಗರ
೨೭ ಫೆಬ್ರವರಿ ೧೯೩೯

ತೀರ್ಥರೂಪ ಅಪ್ಪನವರಿಗೆ ಪಂಪಾವತಿಯ ಶರಣಾರ್ಥಿಗಳು.

ನಿಮ್ಮ ಪತ್ರವನ್ನು ಎಲ್ಲರೂ ಕೇಳಿದರು. ಅತ್ತೆಯವರು ಭಾಳ ನಕ್ಕರು. "ಏನವ್ವಾ ಪಂಪವ್ವಾ, ನಿಮ್ಮಪ್ಪಗ ಕಾಲುವಿ ಅಳದು ಅಳದು ಇನ್ನೂ ಸಾಕಾಗಿಲ್ಲೇನ? ಈಗ ಕೂಸಿನ್ನ ಅಳಿಯಾಕ ಹೊಂಟಾರ! ನಾಳೆ ನನ್ನ ಅಳತೀನೂ ಕೇಳಿಗೀಳ್ಯಾರು, ಅಷ್ಟು ದಾರ ಈ ಊರಾಗ ಸಿಗಂಗಿಲ್ಲಂತ ಬರಿ" ಎಂದರು. ಅವರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಉಮಾಪತಿ ಚೆನ್ನಾಗಿದ್ದಾನೆ. ಯಾರಾದರೂ ಮಾತನಾಡಿದರೆ ನಗುತ್ತಾನೆ. ಮೈದುನನ ಇಬ್ಬರು ಮಕ್ಕಳು ಅವನ ತೊಟ್ಟಿಲನ್ನು ತೂಗಲು ಜಗಳವಾಡುತ್ತಾರೆ. ಸುಗ್ಗಿಯ ಕೆಲಸದಲ್ಲಿ ನನಗೆ ಬಿಡುವಿಲ್ಲ. ದಾರವನ್ನು ಈ ಪತ್ರದಲ್ಲೇ ಮಡಿಚಿ ಇಟ್ಟಿದ್ದೇನೆ. ನೀವು ಕ್ವಿನೈನ್ ಗುಳಿಗೆ ತಪ್ಪಿಸಬೇಡಿರಿ.

ಪಂಪಾವತಿ


ಗಂಗಾವತಿ
೯ ಮಾರ್ಚ್ ೧೯೩೯

ಚಿ. ಸೌ. ಪಂಪಾವತಿಗೆ ಆಶೀರ್ವಾದಗಳು.

ದಾರ ತಲುಪಿತು. ನಾಲ್ಕು ಗಂಟು ಕೇಳಿದ್ದೆ, ಮೂರು ಬಂದಿವೆ. ನಾಲ್ಕನೆಯದಿಲ್ಲದೆ ಅಡ್ಡಹಲಗೆಯನ್ನು ಎಲ್ಲಿ ಜೋಡಿಸಬೇಕೆಂದು ಗೊತ್ತಾಗುವುದಿಲ್ಲ. ಎತ್ತರವಾದರೆ ಕೂಸಿನ ಗದ್ದಕ್ಕೆ ತಾಗುತ್ತದೆ, ತಗ್ಗಾದರೆ ಕೈಗೆ ಆಸರೆ ಸಿಗುವುದಿಲ್ಲ. ಹತ್ತು ವರ್ಷದವಳಿದ್ದಾಗ ನನ್ನ ಜೊತೆ ಕಾಲುವೆಯ ಮೇಲೆ ಅಳತೆಯ ಸರಪಳಿ ಹಿಡಿದು ನಡೆದವಳು ಒಂದು ಅಳತೆಯನ್ನು ಮರೆತಳೆಂದರೆ ನನಗೆ ಆಶ್ಚರ್ಯ.

ಅಳತೆ ಇಲ್ಲದಲ್ಲಿ ಕೆಲಸ ನಿಲ್ಲಿಸುವುದು ನನ್ನ ಪದ್ಧತಿ. ಬಡಿಗ ಮುರ್ತುಜಾಸಾಬನ ಅಂಗಡಿಯಲ್ಲಿ ತೇಗದ ಹಲಗೆಗಳನ್ನು ಕೊಯ್ದು ಇಡಿಸಿದ್ದೇನೆ. ಅವನು ಎರಡು ಸಲ ಕೇಳಿದ. ಕಾಯುತ್ತಿದ್ದೇನೆ.

ಕೊಟ್ರಬಸಪ್ಪ


ಹನುಮಸಾಗರ
೨ ಮೇ ೧೯೩೯

ತೀರ್ಥರೂಪ ಅಪ್ಪನವರಿಗೆ,

ಈ ಪತ್ರ ಟಪಾಲಿನಲ್ಲಿ ಬರುತ್ತಿಲ್ಲ. ಹತ್ತಿಯ ಬಂಡಿ ಹೊಡೆಯುವ ಫಕ್ರುದ್ದೀನನ ಕೈಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಉತ್ತರವನ್ನೂ ಅವನ ಕೈಯಲ್ಲೇ ಕೊಡಿರಿ.

ನಾಲ್ಕನೆಯ ಗಂಟು ಮರೆತದ್ದಲ್ಲ. ಆ ಅಳತೆಗೆ ಕೂಸು ಕೂಡಬೇಕು. ಉಮಾಪತಿ ಕೂಡುವುದಿಲ್ಲ. ಅವನಿಗೆ ಕುತ್ತಿಗೆಯೇ ನಿಂತಿಲ್ಲ. ಎತ್ತಿಕೊಂಡರೆ ತಲೆ ಹಿಂದಕ್ಕೋ ಮುಂದಕ್ಕೋ ಹೊರಳುತ್ತದೆ, ಬೆನ್ನು ಒದ್ದೆ ಅರಿವೆಯ ಹಾಗೆ ಜಾರುತ್ತದೆ. ಉಳಿದ ಮೂರು ಗಂಟುಗಳನ್ನು ಅವನನ್ನು ಮಲಗಿಸಿ ಹಾಕಿದೆ.

ಕುಷ್ಟಗಿಯ ಡಾಕ್ಟರಿಗೆ ತೋರಿಸಿದೆವು. ಅವರು ಕಣ್ಣಿಗೆ ದೀಪ ಹಿಡಿದರು, ಮೊಣಕಾಲಿಗೆ ಬಡಿದರು, ಔಷಧ ಬರೆಯಲಿಲ್ಲ. "ಬುದ್ಧಿ ಐತ್ರಿ, ಮೈಯಾಗ ಬಲ ಇಲ್ಲ. ಬರತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ" ಎಂದರು. ನಿಮ್ಮ ಅಳಿಯಂದಿರು ಅಂದಿನಿಂದ ಕೂಸಿನ ವಿಷಯ ತೆಗೆದರೆ ಎದ್ದು ದನಗಳ ಕಡೆ ಹೋಗುತ್ತಾರೆ.

ಅವನ ತೊಟ್ಟಿಲು ಈಗ ಒಳಕೋಣೆಯಲ್ಲಿದೆ, ಜೋಳದ ಚೀಲಗಳ ಹತ್ತಿರ. ಮಂದಿ ಬಂದರೆ ಅತ್ತೆಯವರು ಬಾಗಿಲು ಮುಂದಕ್ಕೆ ಮಾಡುತ್ತಾರೆ. ಅವರು ಕೆಟ್ಟವರಲ್ಲ, ಅಪ್ಪಾ. ದಿನಾಲೂ ಅವನ ಮೈಗೆ ಎಣ್ಣೆ ತಿಕ್ಕುವವರು ಅವರೇ. ಅವರ ಧ್ವನಿ ಕೇಳಿದರೆ ಅವನ ಕಣ್ಣು ಬಾಗಿಲ ಕಡೆ ಹೊರಳುತ್ತದೆ. ಆದರೆ "ನಾಕ ಮಂದಿ ನೋಡಿ ಚುಚು ಅಂತಾರವ್ವಾ, ಅದನ್ನ ಕೇಳಾಕ ನನ್ನ ಕೈಲೆ ಆಗೂದಿಲ್ಲ. ಒಳಗ ಇರಲಿ, ತಣ್ಣಗ ಇರಲಿ" ಎನ್ನುತ್ತಾರೆ.

ಮಲಗಿಸಿಯೇ ಉಣಿಸಬೇಕು. ಗಂಜಿ ನೆತ್ತಿಗೇರಿ ಕೆಮ್ಮು ಬರುತ್ತದೆ, ಮುಖ ನೀಲಿಯಾಗುತ್ತದೆ. ಒಂದು ಬಟ್ಟಲಿಗೆ ಒಂದು ತಾಸು ಹಿಡಿಯುತ್ತದೆ. ಹೊರಗೆ ಎಲ್ಲರೂ ಮಾತನಾಡುತ್ತ ಉಣ್ಣುವುದು ನಮಗಿಬ್ಬರಿಗೂ ಕೇಳಿಸುತ್ತಿರುತ್ತದೆ. ನನಗೆ ದಣಿವಾಗಿದೆ. ಇಷ್ಟನ್ನು ಬರೆಯಲು ಎರಡು ತಿಂಗಳು ಬೇಕಾಯಿತು.

ನೀವು ಪೀಠ ಮಾಡಿಸುವುದನ್ನು ಬಿಟ್ಟುಬಿಡಿರಿ.

ಪಂಪಾವತಿ


ಗಂಗಾವತಿ
೨೦ ಮೇ ೧೯೩೯

ಚಿ. ಸೌ. ಪಂಪಾವತಿಗೆ ಆಶೀರ್ವಾದಗಳು.

ಫಕ್ರುದ್ದೀನ ಪತ್ರ ತಲುಪಿಸಿದ. ಓದಿದೆ.

ಪೀಠವನ್ನು ಬಿಡುವುದಿಲ್ಲ, ನಕಾಶೆಯನ್ನು ಬದಲಿಸಿದ್ದೇನೆ. ಬೆನ್ನುಹಲಗೆ ಈಗ ನೆತ್ತಿಯವರೆಗೆ ಎತ್ತರವಿದ್ದು ಪೀಠಕ್ಕೆ ಮೂಲೆಮಟ್ಟ ಹಿಡಿದಷ್ಟು ನೆಟ್ಟಗಿರುತ್ತದೆ. ಎದೆಯ ಸುತ್ತ ಒಂದು ಅಗಲವಾದ ಪಟ್ಟಿ. ತಲೆ ಮುಂದಕ್ಕೆ ಬೀಳದಂತೆ ಹಣೆಯ ಮೇಲೆ ಮೆತ್ತನೆಯ ಬಿಳಿ ಅರಿವೆಯ ಇನ್ನೊಂದು ಪಟ್ಟಿ; ಅದರ ಎರಡು ತುದಿಗಳನ್ನು ಬೆನ್ನುಹಲಗೆಯ ಹಿಂದಿನ ಗೂಟಕ್ಕೆ ಕಟ್ಟಬೇಕು. ಭಾರ ಎಲ್ಲಿ ಬೀಳುತ್ತದೆ ಎಂದು ಗೊತ್ತಾದರೆ ಆಸರೆ ಎಲ್ಲಿ ಕೊಡಬೇಕೆಂಬುದೂ ಗೊತ್ತಾಗುತ್ತದೆ. ನೆಟ್ಟಗೆ ಕುಳಿತವನಿಗೆ ಅನ್ನ ನೆತ್ತಿಗೇರುವುದಿಲ್ಲ. ಊಟದ ಸಾಲಿನಲ್ಲಿ ಅವನನ್ನು ಕೂಡಿಸಲು ನಿನ್ನ ಅತ್ತೆಯವರಿಗೆ ಯಾವ ಅಡ್ಡಿಯೂ ಉಳಿಯುವುದಿಲ್ಲ.

ಮುರ್ತುಜಾಸಾಬ ನಕಾಶೆಯನ್ನು ಬಹಳ ಹೊತ್ತು ನೋಡಿದ. "ಹಣಿಗೂ ಪಟ್ಟಿ ಬೇಕಾ ಸಾಹೇಬ್ರ? ಬೆನ್ನ ಜರಾ ಹಿಂದಕ್ಕ ಕೊಟ್ಟರ ನಡೆಯಂಗಿಲ್ಲೇನ್ರಿ?" ಎಂದ. ಬಡಿಗರು ಕೆಲಸ ಕಡಿಮೆ ಮಾಡಿಕೊಳ್ಳಲು ಕೇಳುವ ಪ್ರಶ್ನೆಯೆಂದು ಭಾವಿಸಿ, ನಕಾಶೆಯಲ್ಲಿದ್ದಂತೆ ಮಾಡು ಎಂದೆ. ಅವನು ನಕಾಶೆಯನ್ನು ಮಡಿಚಿಟ್ಟು ಹಲಗೆ ಎತ್ತಿಕೊಂಡ.

ಮುಂದಿನ ಬಂಡಿಗೆ ಕಳಿಸುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಕೊಟ್ರಬಸಪ್ಪ


ಹನುಮಸಾಗರ
೧೮ ಜೂನ್ ೧೯೩೯

ತೀರ್ಥರೂಪ ಅಪ್ಪನವರಿಗೆ,

ಪೀಠ ಬಂದು ಎಂಟು ದಿನವಾಯಿತು. ಕೆಲಸ ಅಂದವಾಗಿದೆ. ಒಂದು ಮೂಲೆಯೂ ಕೈಗೆ ಚುಚ್ಚುವುದಿಲ್ಲ.

ನಾನು ಯಾರಿಗೂ ಹೇಳದೆ ಉಮಾಪತಿಯನ್ನು ಅದರಲ್ಲಿ ಕೂಡಿಸಿ, ಎರಡೂ ಪಟ್ಟಿ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ತಾಗಿಸಿ ಇಟ್ಟೆ. ಹುಟ್ಟಿದಾಗಿನಿಂದ ಅವನು ನೆಟ್ಟಗೆ ಇರುವುದನ್ನು ಮೊದಲ ಸಲ ನೋಡಿದೆ. ಸಂತೋಷಕ್ಕೆ ಅತ್ತೆಯವರನ್ನು ಕೂಗಿ ಕರೆದೆ.

ಅತ್ತೆಯವರು ಕೈಯಲ್ಲಿದ್ದ ಮೊರವನ್ನು ಬಿಟ್ಟರು. "ಬಿಚ್ಚ! ಬಿಚ್ಚ ಅದನ್ನ! ಹೆಣಾ ಕುಂದರಿಸಿದಂಗ ಕುಂದರಿಸೀಯಲ್ಲ ಜೀವಂತ ಕೂಸಿನ್ನ! ನಿನ್ನ ಕೈ ಹೆಂಗರ ಬಂತವ್ವಾ?" ಎಂದು ಕಿರುಚಿದರು. ಅವರೇ ಪಟ್ಟಿ ಬಿಚ್ಚಿದರು. ಕೂಸು ಅವರ ಧ್ವನಿಗೆ ನಗುತ್ತಲೇ ಇತ್ತು. ಅವರು ಅವನನ್ನು ಅವುಚಿಕೊಂಡು ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರು.

ಆಮೇಲೆ ನಾನು ಆ ಪೀಠವನ್ನು ನೋಡಿದೆ. ನೋಡಿದ ಮೇಲೆ ನನಗೂ ಅದೇ ಕಂಡಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ನೆಟ್ಟಗೆ ಕೂಡಿಸಿ, ಹಣೆಗೆ ಬಿಳಿ ವಸ್ತ್ರ ಕಟ್ಟಿ ಗೂಟಕ್ಕೆ ಬಿಗಿಯುತ್ತೇವೆ. ಅಮ್ಮನನ್ನು ಹಾಗೆ ಕೂಡಿಸಿದ್ದನ್ನು ನಾನು ನೋಡಿದ್ದೇನೆ. ನೀವೂ ಅಲ್ಲೇ ನಿಂತಿದ್ದಿರಿ. ಅಪ್ಪಾ, ನಿಮಗೆ ಹೊಳೆಯಲಿಲ್ಲವೇ?

ಪೀಠವನ್ನು ನಿಮ್ಮ ಅಳಿಯಂದಿರು ಕೊಟ್ಟಿಗೆಯ ಅಟ್ಟದ ಮೇಲೆ ಹಾಕಿದ್ದಾರೆ. ಈಗ ಮಂದಿ ಬಾರದಿದ್ದರೂ ಒಳಕೋಣೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಇನ್ನು ಏನನ್ನೂ ಕಳಿಸಬೇಡಿರಿ.

ಪಂಪಾವತಿ


ಗಂಗಾವತಿ
೩ ಸೆಪ್ಟೆಂಬರ್ ೧೯೩೯

ಚಿ. ಸೌ. ಪಂಪಾವತಿಗೆ ಆಶೀರ್ವಾದಗಳು.

ಈ ಪತ್ರವನ್ನು ಟಪಾಲಿನಲ್ಲೇ ಹಾಕುತ್ತಿದ್ದೇನೆ. ಹಂಪಣ್ಣನವರು ಇದನ್ನು ಪಡಸಾಲೆಯಲ್ಲಿ, ಬಸವಣ್ಣೆಮ್ಮನವರ ಎದುರಿಗೆ, ಒಂದು ಸಾಲನ್ನೂ ಬಿಡದೆ ಓದಬೇಕೆಂದು ನನ್ನ ವಿನಂತಿ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಎರಡೂವರೆ ತಿಂಗಳು ತಡವಾಯಿತು. ನಡುವೆ ಜ್ವರವಿತ್ತು. ಆದರೆ ತಡವಾದದ್ದು ಜ್ವರದಿಂದಲ್ಲ.

ನಿನಗಿಂತ ಮುಂಚೆ ನಮಗೆ ಒಬ್ಬ ಮಗನಿದ್ದ. ಅವನ ಹೆಸರು ಗುರುಶಾಂತ. ಹುಟ್ಟಿದ ತಿಂಗಳಲ್ಲೇ ತೀರಿಕೊಂಡನೆಂದು ನಿನಗೆ ಹೇಳಿದ್ದೆವು. ಅದು ನಿಜವಲ್ಲ. ಅವನು ಮೂರು ವರ್ಷ ನಾಲ್ಕು ತಿಂಗಳು ಬದುಕಿದ್ದ. ಅವನಿಗೂ ಕುತ್ತಿಗೆ ನಿಲ್ಲಲಿಲ್ಲ. ಆಗ ನಾನು ಯಲಬುರ್ಗಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮೇಲಧಿಕಾರಿಗಳು ಮನೆಗೆ ಬರುತ್ತಿದ್ದರು. ಅವರು ಬಂದಾಗ ಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡುತ್ತಿದ್ದವನು ನಾನೇ. ಆಮೇಲೆ ಯಾರೂ ಬಾರದ ದಿನವೂ ಅದು ಮುಚ್ಚಿಯೇ ಇರುತ್ತಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ನಿನ್ನ ತಾಯಿ ಅವನನ್ನು ಅಡುಗೆಮನೆಗೆ ಎತ್ತಿಕೊಂಡು ಬಂದು, ಹಿಟ್ಟಿನ ಚೀಲಕ್ಕೆ ಒರಗಿಸಿ, ರೊಟ್ಟಿ ಬಡಿಯುತ್ತ ಮಾತನಾಡಿಸುತ್ತಿದ್ದಳಂತೆ. ನಾನು ಬರುವ ಹೊತ್ತಿಗೆ ಮತ್ತೆ ಒಳಗೆ ಮಲಗಿಸುತ್ತಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ತಾನು ತೀರಿಕೊಳ್ಳುವ ವರ್ಷ.

ಗುರುಶಾಂತ ನನ್ನ ಮನೆಯ ಪಡಸಾಲೆಯಲ್ಲಿ ನೆಟ್ಟಗೆ ಕುಳಿತದ್ದು ಒಂದೇ ದಿನ. ಅಂದು ಅವನ ಹಣೆಗೆ ಬಿಳಿ ವಸ್ತ್ರ ಕಟ್ಟಿದವನೂ ನಾನೇ.

ಮೇ ತಿಂಗಳಲ್ಲಿ ನಕಾಶೆ ಬರೆಯುವಾಗ ಭಾರ, ಆಸರೆ, ಗೂಟ, ಇವಷ್ಟನ್ನೇ ಯೋಚಿಸುತ್ತಿದ್ದೇನೆಂದು ತಿಳಿದಿದ್ದೆ. ನನ್ನ ಕೈ ಬರೆದದ್ದು ತನಗೆ ಗೊತ್ತಿದ್ದ ಒಂದೇ ಒಂದು ರೀತಿಯನ್ನು. ಮುರ್ತುಜಾಸಾಬನಿಗೆ ಅದು ಕಂಡಿತ್ತು. ನಮ್ಮವರ ಮಣ್ಣಿಗೆ ಅವನೂ ಬಂದವನು. ನಿನ್ನ ಪತ್ರ ಬಂದ ಮೇಲೆ ಅವನ ಬಳಿ ಹೋಗಿ, ಯಾಕೆ ಬಾಯಿಬಿಟ್ಟು ಹೇಳಲಿಲ್ಲವೆಂದು ಕೇಳಿದೆ. "ಹೆಂಗ ಹೇಳಲ್ರಿ ಸಾಹೇಬ್ರ, ಮೊಮ್ಮಗಂದು ಅಂತ ನೀವು ಅಷ್ಟ ಅಕ್ಕರ್ತಿಲೆ ಗೀಟ ಎಳದಿದ್ರಿ" ಎಂದ.

ಇನ್ನೊಂದು ವಿಷಯವಿದೆ. ನೀನು ಇಲ್ಲಿಂದ ಬಂಡಿ ಹತ್ತಿದ ದಿನ ಉಮಾಪತಿಯ ತಲೆ ನಿನ್ನ ತೋಳಿನ ಮೇಲೆ ಹೊರಳಿದ ರೀತಿಯನ್ನು ನೋಡಿ ನಾನು ಗುರುತಿಸಿದ್ದೆ. ಕೇಳುವ ಧೈರ್ಯವಾಗಲಿಲ್ಲ. ನಾಲ್ಕನೆಯ ಅಳತೆಯನ್ನು ಕೇಳಿದ್ದೇ ಅದು ಬರುತ್ತದೋ ಇಲ್ಲವೋ ನೋಡಲು. ಬಾರದಿದ್ದಾಗ, ಮರೆತೆಯೆಂದು ನಿನ್ನನ್ನು ಬೈದೆ. ಅದು ನನ್ನ ತಪ್ಪು.

ಬಸವಣ್ಣೆಮ್ಮನವರೇ, ನೀವು ಹೆದರಿದ್ದು ಸರಿ. ಆ ಪೀಠವನ್ನು ಒಲೆಗೆ ಹಾಕಿದರೂ ನನ್ನ ಅಡ್ಡಿಯಿಲ್ಲ. ಮರ ಚೆನ್ನಾಗಿ ಒಣಗಿದೆ. ಆದರೆ ಮುಚ್ಚಿದ ಬಾಗಿಲಿನ ಬಗ್ಗೆ ನನಗೆ ತಿಳಿದಷ್ಟು ನಿಮಗೆ ತಿಳಿಯದಿರಲಿ. ಮುರ್ತುಜಾಸಾಬ ಹೇಳಿದಂತೆ ಬೆನ್ನನ್ನು ಹಿಂದಕ್ಕೆ ಒರಗಿಸಿ ಇನ್ನೊಂದು ಮಣೆಯನ್ನು ಮಾಡಿಸುತ್ತಿದ್ದೇನೆ. ಪಟ್ಟಿಯೂ ಇಲ್ಲ, ಗೂಟವೂ ಇಲ್ಲ. ತಲೆ ತನ್ನ ಭಾರಕ್ಕೇ ಹಿಂದಿನ ಹಲಗೆಯ ತಗ್ಗಿನಲ್ಲಿ ನಿಲ್ಲುತ್ತದೆ. ಎರಡು ಪಕ್ಕಕ್ಕೆ ದಿಂಬು ಬೇಕು. ಅವನ್ನು ಹೊಲಿಯುವ ಕೆಲಸ ನನ್ನಿಂದಾಗದು. ಬೇಡವೆಂದರೆ ಒಂದು ಸಾಲು ಬರೆಯಿಸಿರಿ, ಕಳಿಸುವುದಿಲ್ಲ.

ಕೊಟ್ರಬಸಪ್ಪ


ಹನುಮಸಾಗರ
೨೦ ನವೆಂಬರ್ ೧೯೩೯

ತೀರ್ಥರೂಪ ಅಪ್ಪನವರಿಗೆ ಪಂಪಾವತಿಯ ಶರಣಾರ್ಥಿಗಳು.

ನಿಮ್ಮ ಪತ್ರವನ್ನು ಓದುತ್ತಿದ್ದ ನಿಮ್ಮ ಅಳಿಯಂದಿರು ಗುರುಶಾಂತನ ಹೆಸರು ಬಂದಲ್ಲಿ ನಿಲ್ಲಿಸಿದರು. ಅತ್ತೆಯವರು "ಯಾಕ ನಿಂತಿ? ಒಂದ ಸಾಲು ಬಿಡಬ್ಯಾಡ ಅಂದಾರಲ್ಲ, ಓದು" ಎಂದರು. ಮುಗಿದ ಮೇಲೆ ಅತ್ತೆಯವರು ಎದ್ದು ಹೋಗಿ ಮಜ್ಜಿಗೆ ಕಡೆಯಲು ಕುಳಿತರು. ಅಂದು ಬೆಳಿಗ್ಗೆಯೇ ಒಮ್ಮೆ ಕಡೆದಾಗಿತ್ತು.

ಬೇಡವೆಂದು ಬರೆಯಲು ಅವರು ಹೇಳಲಿಲ್ಲ. ಬೇಕೆಂದೂ ಹೇಳಲಿಲ್ಲ. ಅದಕ್ಕೇ ನಾನು ಬರೆಯಲಿಲ್ಲ.

ದಸರೆಯ ಮುಂದೆ ಮಣೆ ಬಂತು. ಅತ್ತೆಯವರು ಅದರ ಸುತ್ತ ಎರಡು ಸಲ ತಿರುಗಿದರು. ಒರಗಿದ ಬೆನ್ನುಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದರು. "ಹಿಂಗ ಸಾವಕಾರನಂಗ ಒರಗಿ ಯಾವ ಹೆಣಾನೂ ಕುಂದರಂಗಿಲ್ಲ ಬಿಡು" ಎಂದರು. ಮರುದಿನ ತಮ್ಮ ಹಳೆಯ ಇಳಕಲ್ ಸೀರೆಯನ್ನು ಹರಿದು, ಹತ್ತಿ ತುಂಬಿ ದಿಂಬು ಹೊಲಿದರು. ಎಡಗಡೆಯದು ದಪ್ಪವಾಯಿತೆಂದು ಬಿಚ್ಚಿ ಮತ್ತೆ ಹೊಲಿದರು. ನಿಮ್ಮ ಬೀಗತಿಯೂ ಅಂದಾಜಿನಲ್ಲಿ ಕೆಲಸ ಮಾಡುವುದಿಲ್ಲ.

ದೀಪಾವಳಿಗೆ ತಳಕಲ್ಲಿನಿಂದ ಅತ್ತೆಯವರ ಅಕ್ಕ ಬಂದಿದ್ದರು. ಬಂಡಿಯ ಸದ್ದು ಕೇಳಿದಾಗ ನಾನೇ ರೂಢಿಯಂತೆ ಕೂಸನ್ನು ಎತ್ತಿ ಒಳಗೆ ಹೊರಟೆ. ಅತ್ತೆಯವರು ಒಲೆಯ ಮುಂದಿನಿಂದಲೇ "ಎಲ್ಲಿಗೊಯ್ತಿ? ಉಣ್ಣೂ ಹೊತ್ತಾತು, ಕುಂದರಿಸು" ಎಂದರು. ಸಾಲಿನಲ್ಲಿ ನಿಮ್ಮ ಅಳಿಯಂದಿರು, ಮೈದುನ, ಅವನ ಇಬ್ಬರು ಮಕ್ಕಳು, ಕೊನೆಗೆ ಉಮಾಪತಿ. ಆ ದೊಡ್ಡಮ್ಮ ಎದುರಿನ ಕಂಬಕ್ಕೆ ಒರಗಿ ಕುಳಿತು ಬಹಳ ಹೊತ್ತು ನೋಡಿ, "ಅಯ್ಯ ಶಿವನ! ಕುತ್ತಿಗಿ ನಿಂದರೂದಿಲ್ಲೇನ ಇದರದು?" ಎಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಅತ್ತೆಯವರು ಹೋಳಿಗೆ ಬಡಿಸುತ್ತಲೇ ಹೇಳಿದರು: "ನಿನ್ನ ಗಂಡಂದು ನಿಂದರತಿತ್ತೇನಬೇ ಅಕ್ಕಾ? ರಾತ್ರಿ ಉಣ್ಣಾಕ ಕುಂತರ ನಿದ್ದಿಗಣ್ಣಾಗ ಸಾರಿನ್ಯಾಗ ಮುಖ ಇಡತಿದ್ದ. ನಾವೇನರ ಅಂದಿವೇನ? ನಮ್ಮ ಉಮಾಪತಿ ಅಂವಗಿಂತ ಛಲೋ ಅದಾನ, ಕಣ್ಣರ ತೆರದು ಉಣ್ಣತಾನ."

ಮೈದುನನಿಗೆ ನಗು ತಡೆಯದೆ ಕೆಮ್ಮು ಬಂತು. ದೊಡ್ಡಮ್ಮನೂ ನಕ್ಕರು. ಎಲ್ಲರೂ ನಕ್ಕದ್ದಕ್ಕೆ ಉಮಾಪತಿ ಬಾಯಲ್ಲಿದ್ದುದನ್ನೆಲ್ಲ ಎದೆಯ ಮೇಲೆ ಬಿಟ್ಟುಕೊಂಡು ನಕ್ಕ.

ನನ್ನ ದಣಿವು ಕಡಿಮೆಯಾಗಿದೆಯೆಂದು ಬರೆದರೆ ಸುಳ್ಳಾಗುತ್ತದೆ. ಮಣೆಯನ್ನು ದಿನಕ್ಕೆ ಎರಡು ಸಲ ತೊಳೆಯಬೇಕು. ದಿಂಬುಗಳಿಗೆ ಇರುವೆ ಹತ್ತುತ್ತವೆ. ಕೆಮ್ಮು ಕಡಿಮೆಯಾಗಿದೆ, ನಿಂತಿಲ್ಲ. ಡಾಕ್ಟರು ಹೇಳಿದ ಮಾತು ಹಾಗೆಯೇ ಇದೆ. ನಿಮ್ಮ ಅಳಿಯಂದಿರು ಇನ್ನೂ ಅವನ ಬಗ್ಗೆ ಮಾತನಾಡುವುದಿಲ್ಲ, ಆದರೆ ನಿನ್ನೆ ತಮ್ಮ ತಾಟನ್ನು ಅವನ ಪಕ್ಕಕ್ಕೆ ಸರಿಸಿಕೊಂಡು ಕುಳಿತರು.

ಈ ಮನೆಯಲ್ಲಿ ಮಾವನವರ ಕಾಲದಿಂದ ಒಂದು ಪದ್ಧತಿಯಿದೆ. ಸಾಲಿನಲ್ಲಿ ಕಡೆಯವನ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಹೊಲದ ಕೆಲಸ ಎಷ್ಟಿದ್ದರೂ ಸರಿ, ಈಗ ಒಂದೊಂದು ತುತ್ತಿಗೂ ಎಲ್ಲರೂ ಅವನ ಗಂಟಲನ್ನೇ ನೋಡುತ್ತಾರೆ. ಕೈಗಳು ಒಣಗಿ ಹೋಗುತ್ತವೆ. ಮಕ್ಕಳು ಚಡಪಡಿಸುತ್ತವೆ. ಯಾರೂ ಏಳುವುದಿಲ್ಲ.

ಪಂಪಾವತಿ